ಬಳ್ಳಿಗೊಂದು ಚಪ್ಪರ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥ ಒಂದು ಮನೆ ಸಿಕ್ಕೀತು. ಮುಂದುಗಡೆ ನಾಲ್ಕು ಹೂವಿನ ಕುಂಡ. ಹಿಂದೆ, ಹಿತ್ತಲು ಎಂಬ ಹೆಸರನ್ನು ಮಾತ್ರ ಉಳಿಸಿಕೊಂಡಿರುವ ಮೂರು ಮಾರು ನೆಲ. ಆ ನೆಲದಲ್ಲಿ ಅಜ್ಜಿ ಹಟ ಹಿಡಿದು ಬೆಳೆಸುತ್ತಿರುವ ಒಂದು ಹೀರೆಯ ಬಳ್ಳಿ. ಮನೆಯ ಮಗ ಇಂಜಿನಿಯರು; ಅವನ ವಿಷಯದಲ್ಲಿ ಬಂಧುಗಳಿಗೆ ಕೇಳುವುದಕ್ಕೇನೂ ಉಳಿದಿಲ್ಲ. ಮಗಳು ಸಸ್ಯಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ, ರಾಗಿಯ ಬೆಂಕಿರೋಗವನ್ನು ಕುರಿತು ಐದನೆಯ ವರ್ಷ ಸಂಶೋಧನೆ ನಡೆಸುತ್ತಿದ್ದಾಳೆ. ಅವಳ ವಿಷಯದಲ್ಲಿ ಕೇಳಿದಷ್ಟೂ ಮುಗಿಯುವುದಿಲ್ಲ.

“ಇನ್ನೂ ಓದ್ತಾನೇ ಇದ್ದೀಯೇನಮ್ಮಾ?” ಎಂದು ಹಬ್ಬಕ್ಕೆ ಬಂದ ಸೋದರಮಾವ ಹೋಳಿಗೆಯನ್ನು ಮುರಿಯುತ್ತಾ ವಿಚಾರಿಸುತ್ತಾನೆ.

“ಓದೋದಲ್ಲ ಮಾವ, ಕೆಲಸ ಮಾಡ್ತಿದ್ದೀನಿ.”

“ಅದೇ ಅಂದೆ. ಕೆಲಸ ಯಾವಾಗ ಸಿಗತ್ತೆ?”

ಮಾವ ಕೆಟ್ಟವನಲ್ಲ. ಸೊಸೆಯ ಮೇಲೆ ಪ್ರೀತಿಯಿರುವುದರಿಂದಲೇ ಅವನಿಗೆ ಈ ಚಿಂತೆ. ಆದರೆ ಹುಡುಗಿ ನಕ್ಕು ಒಳಗೆ ಹೋಗುವುದನ್ನು ಕಂಡವರಿಗೆ, ಆ ನಗೆ ಊಟದ ಎಲೆಯ ಬಳಿಯೇ ಮುಗಿದುಹೋಯಿತೆಂಬುದು ತಿಳಿಯದೆ ಇರುವುದಿಲ್ಲ. ಅವಳ ಮೇಜಿನ ಮೇಲೆ ಎರಡು ಕಾಗದಗಳಿವೆ. ಒಂದು, ಬ್ಯಾಂಕಿನ ಪರೀಕ್ಷೆಗೆ ಬಂದಿರುವ ಪ್ರವೇಶಪತ್ರ. ಇನ್ನೊಂದು, ಬರುವ ಮುಂಗಾರಿಗೆ ಬಿತ್ತಬೇಕಾದ ರಾಗಿಯ ಸಾಲುಗಳ ಪಟ್ಟಿ. ಎರಡನ್ನೂ ಕೈಗೊಳ್ಳುವಂತಿಲ್ಲ.

2023ರಲ್ಲಿ ಕರ್ನಾಟಕಕ್ಕೆ ಮಳೆ ಕೈಕೊಟ್ಟಾಗ ಅವಳ ಹೊಲವೂ ಒಣಗಿತು. ಒಂದು ವರ್ಷದ ಲೆಕ್ಕ ಮಣ್ಣುಪಾಲಾಯಿತು. ಶಿಷ್ಯವೇತನದ ಐದು ವರ್ಷಗಳಾದರೋ ಮಳೆಗಾಗಿ ಕಾಯುವುದಿಲ್ಲ; ಅವು ತಮ್ಮ ಪಾಡಿಗೆ ತೀರಿಹೋಗುತ್ತವೆ. ಸಸ್ಯವಿಜ್ಞಾನಿಯ ಕಷ್ಟದ ಮೂಲವೆಲ್ಲ ಇಲ್ಲಿದೆ. ಯಂತ್ರವನ್ನು ರಾತ್ರಿಯೂ ನಡೆಸಬಹುದು, ಲೆಕ್ಕವನ್ನು ನಿದ್ದೆಗೆಟ್ಟು ಮಾಡಬಹುದು. ರಾಗಿಯ ಪೈರಿಗೆ ಮಾತ್ರ “ಬೇಗ ತೆನೆ ಬಿಡು, ನನ್ನ ಹಣ ಮುಗಿಯುತ್ತಿದೆ” ಎಂದು ಹೇಳುವಂತಿಲ್ಲ. ಎರಡು ತಳಿಗಳನ್ನು ಕೂಡಿಸಿದ ಮೇಲೆ ಅವುಗಳ ಸಂತಾನವನ್ನು ಬಿತ್ತಿ, ಆರಿಸಿ, ಮತ್ತೆ ಬಿತ್ತಿ, ಮತ್ತೆ ಆರಿಸಿ, ಗುಣ ನೆಲೆನಿಲ್ಲುವ ವೇಳೆಗೆ ಆರೇಳು ತಲೆಮಾರುಗಳಾದರೂ ಕಳೆಯಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ಪಡೆದದ್ದು ಹೀಗೆ ಕಾದು ಕಾದು. ಸೋದರಮಾವ ಮೆಚ್ಚಿ ಉಣ್ಣುವ ಮುದ್ದೆಯ ಹಿಂದೆ ಇಂಥ ಎಷ್ಟೋ ಮುಂಗಾರುಗಳಿವೆ.

ಹಾಗಾದರೆ ಗಿಡಕ್ಕಾಗಿ ಕಾಯುವವರಿಗಾಗಿ ಕಾಯುವವರು ಯಾರು?

ಈ ಪ್ರಶ್ನೆ ಬೆಂಗಳೂರಿಗೆ ಮಾತ್ರ ಸೇರಿದ್ದಲ್ಲ, ಹೊಸತೂ ಅಲ್ಲ. 1919ರಲ್ಲಿ ಅಮೆರಿಕದ ಬ್ರೂಕ್ಲಿನ್ನಿನ ಒಂದು ಮನೆಯಲ್ಲಿಯೂ ಇದೇ ಬಗೆಯ ಚರ್ಚೆ ನಡೆದಿತ್ತು. ಮಗಳಿಗೆ ಕಾಲೇಜಿಗೆ ಹೋಗುವ ಆಸೆ. ಹೆಚ್ಚು ಓದಿದ ಹುಡುಗಿಗೆ ಗಂಡು ಸಿಕ್ಕುವುದು ಕಷ್ಟವೆಂದು ತಾಯಿಗೆ ದಿಗಿಲು. ತಂದೆ ವೈದ್ಯ, ಮಹಾಯುದ್ಧದ ಸೇವೆ ಮುಗಿಸಿ ಮನೆಗೆ ಮರಳಿದವನು ಮಗಳ ಪಕ್ಷ ವಹಿಸಿದ. ಹುಡುಗಿ ಇಥಾಕ ಎಂಬ ಊರಿನ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೊರಟುಹೋದಳು. ಅವಳೇ ಬಾರ್ಬರ ಮೆಕ್‌ಕ್ಲಿಂಟಾಕ್. ಆಕೆಯ ಬಾಳಿನ ಮೊದಲ ಚಪ್ಪರ ತಂದೆಯ ಆ ಒಂದು ಮಾತು. ಲೋಕ ಆಕೆಯ ಪ್ರತಿಭೆಯನ್ನು ಕೊಂಡಾಡುತ್ತದೆ. ಆ ಪ್ರತಿಭೆ ಬೀಳದಂತೆ ಕೈಕೊಟ್ಟವರ ಕಥೆಯೂ ಅಷ್ಟೇ ರಮ್ಯವಾದುದು.

ಕಾರ್ನೆಲಿನಲ್ಲಿ ಆಗ ಆರ್. ಎ. ಎಮರ್‌ಸನ್ ಎಂಬ ಹಿರಿಯರಿದ್ದರು. ಸಸ್ಯತಳಿ ವಿಭಾಗಕ್ಕೆ ಅವರು ಮುಖ್ಯಸ್ಥರು. ಮುಸುಕಿನ ಜೋಳ ಅವರ ಉಪಾಸನೆಯ ವಸ್ತು. ನ್ಯೂಯಾರ್ಕ್ ನಗರದಲ್ಲಿ ಥಾಮಸ್ ಹಂಟ್ ಮಾರ್ಗನ್ ಮತ್ತು ಅವರ ಶಿಷ್ಯರು ಹಣ್ಣುನೊಣವನ್ನು ಸೀಸೆಗಳಲ್ಲಿ ಸಾಕಿ ತಳಿಶಾಸ್ತ್ರವನ್ನು ಕಟ್ಟುತ್ತಿದ್ದ ಕಾಲವದು. ನೊಣಕ್ಕೆ ಹತ್ತು ಹನ್ನೆರಡು ದಿನಕ್ಕೊಂದು ತಲೆಮಾರು. ಜೋಳಕ್ಕೆ ಇಥಾಕದ ಚಳಿಯಲ್ಲಿ ವರ್ಷಕ್ಕೊಂದು ಬೆಳೆ. ನೊಣದವರು ಒಂದು ಬೇಸಿಗೆಯಲ್ಲಿ ನೋಡುವುದನ್ನು ಜೋಳದವರು ನೋಡಬೇಕಾದರೆ ಹುಡುಗರ ಮೀಸೆ ನರೆಯಬೇಕು! ಈ ಅಂತರವನ್ನು ತುಂಬುವ ದಾರಿ ಒಂದೇ: ಒಬ್ಬನ ಬೆಳೆಯ ಫಲ ಹತ್ತು ಜನರಿಗೆ ದೊರೆಯಬೇಕು. 1928ರ ಕ್ರಿಸ್‌ಮಸ್ ಸಮಯದ ಸಮ್ಮೇಳನವೊಂದರಲ್ಲಿ ಎಮರ್‌ಸನ್ನರು ಜೋಳದ ಕೆಲಸಗಾರರನ್ನು ತಮ್ಮ ಹೋಟೆಲಿನ ಕೋಣೆಗೇ ಕರೆದು ಕೂರಿಸಿಕೊಂಡರು. ಇನ್ನೂ ಅಚ್ಚಾಗದ ಫಲಿತಾಂಶಗಳನ್ನು ಪರಸ್ಪರ ತಿಳಿಸುವುದು, ಬೀಜವನ್ನು ಕೇಳಿದವರಿಗೆ ಕೊಡುವುದು ಎಂಬ ಪದ್ಧತಿ ಅಲ್ಲಿಂದ ಬೆಳೆಯಿತು. ಮುಂದೆ ಅದು ಜೋಳದವರದೇ ಒಂದು ವಾರ್ತಾಪತ್ರವಾಗಿ, ದಶಕಗಳ ಕಾಲ ನಡೆಯಿತು. ತಾನು ಕಂಡದ್ದನ್ನು ಇನ್ನೊಬ್ಬರು ಕದ್ದಾರೆಂಬ ಭಯ ಎಳೆಯ ಸಂಶೋಧಕನಿಗೆ ಇರುವಷ್ಟು ಮತ್ತಾರಿಗೂ ಇರುವುದಿಲ್ಲ. ಆ ಭಯವನ್ನು ತೆಗೆದುಹಾಕುವುದು ಹಿರಿಯರು ಮಾಡಬಲ್ಲ ದೊಡ್ಡ ದಾನ.

ಮೆಕ್‌ಕ್ಲಿಂಟಾಕ್ 1927ರಲ್ಲಿ ಡಾಕ್ಟರೇಟ್ ಪಡೆದರು. ಸೂಕ್ಷ್ಮದರ್ಶಕದಲ್ಲಿ ಜೋಳದ ಹತ್ತು ವರ್ಣತಂತುಗಳನ್ನು ಒಂದೊಂದಾಗಿ ಗುರುತುಹಿಡಿದು, ಇದು ಇಂಥದು ಎಂದು ಬೇರ್ಪಡಿಸಿ ತೋರಿಸಿದ್ದು ಆಕೆಯ ಮೊದಲ ಸಾಹಸ. ತಾನು ಕಂಡದ್ದು ಇತರರಿಗೆ ಏಕೆ ಕಾಣುವುದಿಲ್ಲವೆಂದು ಅಸಹನೆಪಡುವ ಸ್ವಭಾವ ಆಕೆಯದು. 1928ರಲ್ಲಿ ಮಾರ್ಕಸ್ ರೋಡ್ಸ್ ಎಂಬ ತರುಣ ಅಲ್ಲಿಗೆ ಬಂದ. ಬಾರ್ಬರ ಮಾಡುತ್ತಿರುವ ಕೆಲಸದ ಬೆಲೆಯನ್ನು ಆತ ಕೂಡಲೆ ಅರಿತ. ಅರಿತದ್ದನ್ನು ಉಳಿದವರಿಗೆ ವಿವರಿಸಿ ಒಪ್ಪಿಸಿದ. ಜೊತೆಗಾರನ ಬಾಯಲ್ಲಿ ಬಂದ ಇಂಥ ಒಂದು ಮಾತು, ಕೆಲವೊಮ್ಮೆ, ಹತ್ತು ಪ್ರಶಸ್ತಿಗಳಿಗಿಂತ ಹೆಚ್ಚು ಉಪಕಾರ ಮಾಡುತ್ತದೆ. ಅದೇ ಗುಂಪಿನಲ್ಲಿದ್ದ ಇನ್ನೊಬ್ಬ ತರುಣ ಜಾರ್ಜ್ ಬೀಡಲ್. 1958ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಪಡೆದವನು ಆತನೇ.

1929ರಲ್ಲಿ ಹ್ಯಾರಿಯೆಟ್ ಕ್ರೈಟನ್ ಎಂಬ ಹೊಸ ವಿದ್ಯಾರ್ಥಿನಿ ಕಾರ್ನೆಲಿಗೆ ಬಂದಳು. ಬಾರ್ಬರ ಆಗ ಇಪ್ಪತ್ತೇಳರ ವಯಸ್ಸು. ಸ್ವತಃ ಭದ್ರವಾದ ನೌಕರಿಯಿಲ್ಲದವರು. ಆದರೂ ಹೊಸಬಳಿಗೆ ಯಾವ ವಿಷಯ ಹಿಡಿಯಬೇಕು, ಯಾರ ಕೈಕೆಳಗೆ ಸೇರಬೇಕು ಎಂದು ದಾರಿ ತೋರಿಸಿದರು. ಅಷ್ಟೇ ಅಲ್ಲ, ತಾವೇ ಮಾಡಿ ಹೆಸರು ಪಡೆಯಬಹುದಾಗಿದ್ದ ಸಮಸ್ಯೆಯೊಂದನ್ನು ಅವಳ ಕೈಗಿತ್ತರು. ಸಮಸ್ಯೆ ಸಾಮಾನ್ಯವಾದುದಲ್ಲ. ತಾಯಿತಂದೆಗಳ ಗುಣಗಳು ಸಂತಾನದಲ್ಲಿ ಅದಲುಬದಲಾಗಿ ಬೆರೆಯುವುದನ್ನು ಲೆಕ್ಕದಿಂದ ತಿಳಿದಿದ್ದರು. ಹಾಗೆ ಬೆರೆಯುವಾಗ ವರ್ಣತಂತುಗಳ ತುಂಡುಗಳು ನಿಜವಾಗಿಯೂ ಕತ್ತರಿಸಿ ಕೂಡಿಕೊಳ್ಳುವುವೆಂಬುದನ್ನು ಕಣ್ಣಾರೆ ತೋರಿಸಿದವರಿರಲಿಲ್ಲ. ಎರಡು ಸೀರೆಗಳ ಸೆರಗನ್ನು ಕತ್ತರಿಸಿ ಬದಲಾಯಿಸಿ ಹೊಲಿದರೆ ಗೊತ್ತಾಗಬೇಕಾದರೆ, ಒಂದು ಸೀರೆಗಾದರೂ ಎರಡು ಕೊನೆಗಳಲ್ಲಿ ಗುರುತಿರಬೇಕಷ್ಟೆ? ಅಂಥ ಗುರುತಿನ ವರ್ಣತಂತು ಬಾರ್ಬರ ಬಳಿಯ ಜೋಳವೊಂದರಲ್ಲಿತ್ತು: ಒಂದು ತುದಿಯಲ್ಲಿ ಗಂಟು, ಇನ್ನೊಂದು ತುದಿಯಲ್ಲಿ ಬೇರೆ ವರ್ಣತಂತುವಿನಿಂದ ಬಂದು ಸೇರಿದ ತುಂಡು. ಆ ಬೀಜ ನೆಲಕ್ಕೆ ಬಿತ್ತು. ಕಾಳಿನ ಬಣ್ಣ ಮತ್ತು ಹಿಟ್ಟಿನ ಗುಣ ಅದಲುಬದಲಾದ ಗಿಡಗಳಲ್ಲಿ ಆ ಗುರುತುಗಳೂ ಅದಲುಬದಲಾಗಿದ್ದುವು.

ಇಬ್ಬರೂ ಇನ್ನೊಂದು ಬೆಳೆ ತೆಗೆದು, ಲೆಕ್ಕವನ್ನು ಹೆಚ್ಚಿಸಿಕೊಂಡು, ಆಮೇಲೆ ಬರೆಯೋಣವೆಂದಿದ್ದರು. 1931ರಲ್ಲಿ ಮಾರ್ಗನ್ನರು ಉಪನ್ಯಾಸಕ್ಕೆಂದು ಕಾರ್ನೆಲಿಗೆ ಬಂದಾಗ ಈ ಸಂಗತಿ ಕಿವಿಗೆ ಬಿತ್ತು. ನೊಣದ ಪಂಥದ ಹಿರಿಯಾಳು ಅವರು. ಜೋಳದ ಹುಡುಗಿಯರು ಹಿಂದೆ ಬಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಅವರು, ಇಷ್ಟು ಸಾಕು, ಈಗಲೇ ಪ್ರಕಟಿಸಿರಿ ಎಂದು ಒತ್ತಾಯಮಾಡಿ, ಪ್ರಬಂಧವೊಂದು ಬರಲಿದೆಯೆಂದು ಪತ್ರಿಕೆಯ ಸಂಪಾದಕರಿಗೆ ತಾವೇ ಬರೆದುಹಾಕಿದರು. ಆಗಸ್ಟಿನಲ್ಲಿ ಪ್ರಬಂಧ ಅಚ್ಚಾಯಿತು. ವಿದ್ಯಾರ್ಥಿನಿಯಾದ ಕ್ರೈಟನ್ನಳ ಹೆಸರು ಮೊದಲು, ಮೆಕ್‌ಕ್ಲಿಂಟಾಕರದು ಆಮೇಲೆ. ಜರ್ಮನಿಯಲ್ಲಿ ಕರ್ಟ್ ಸ್ಟರ್ನ್ ಹಣ್ಣುನೊಣದಲ್ಲಿ ಇದೇ ಸತ್ಯವನ್ನು ಕಂಡು ಪ್ರಕಟಿಸಿದ್ದು ಅದೇ ವರ್ಷ, ಕೊಂಚ ತಡವಾಗಿ. ಇನ್ನೊಂದು ಬೆಳೆಗೆ ಕಾದಿದ್ದರೆ ಮೊದಲಿಗರೆಂಬ ಹೆಸರು ಅವರ ಪಾಲಿಗೆ ಉಳಿಯುತ್ತಿರಲಿಲ್ಲ. ಎಳೆಯರಿಗೆ “ಕಾಯಿರಿ” ಎಂದು ಹೇಳುವವರು ಬಹಳ. “ಸಾಕು, ಹೊರಡಿ” ಎಂದು ಹೇಳಬೇಕಾದ ಗಳಿಗೆಯನ್ನು ತಿಳಿದವರು ಕೆಲವರು.

ಇಷ್ಟೆಲ್ಲ ಆದರೂ ಬಾರ್ಬರಿಗೆ ನೌಕರಿ ಸಿಕ್ಕಲಿಲ್ಲ. ಅಮೆರಿಕದಲ್ಲಿ ಆಗ ಆರ್ಥಿಕ ಮುಗ್ಗಟ್ಟು. ಅಲ್ಲದೆ ಕಾರ್ನೆಲಿನಲ್ಲಿ ಗೃಹವಿಜ್ಞಾನವೊಂದನ್ನು ಬಿಟ್ಟರೆ ಹೆಣ್ಣಿಗೆ ಪ್ರಾಧ್ಯಾಪಕಪದವಿ ದೊರೆಯುವುದು ದುರ್ಲಭ. ಎರಡು ವರ್ಷ ಒಂದು ಶಿಷ್ಯವೇತನ. ಅದು ಮುಗಿದ ಮೇಲೆ 1933ರಲ್ಲಿ ಗುಗೆನ್‌ಹೈಮ್ ಶಿಷ್ಯವೇತನದ ಮೇಲೆ ಜರ್ಮನಿಯ ಪ್ರಯಾಣ. ಹಿಟ್ಲರನ ಆಳ್ವಿಕೆ ಅದೇ ವರ್ಷ ಮೊದಲಾಗಿತ್ತು. ಆ ವಾತಾವರಣದಲ್ಲಿ ಮನಸ್ಸು ಕದಡಿ, ಅವಧಿಗೆ ಮುಂಚೆಯೇ 1934ರಲ್ಲಿ ಇಥಾಕಕ್ಕೆ ಹಿಂದಿರುಗಿದರು. ಕೈಯಲ್ಲಿ ಹಣವಿಲ್ಲ, ಮುಂದೆ ದಾರಿಯಿಲ್ಲ. ಜೋಳದ ವರ್ಣತಂತುಗಳನ್ನು ಆಕೆಯಷ್ಟು ಬಲ್ಲವರು ಭೂಮಂಡಲದಲ್ಲೇ ಇನ್ನೊಬ್ಬರಿರಲಿಲ್ಲ. ಆದರೂ ಮುಂದಿನ ತಿಂಗಳ ಖರ್ಚು ಹೇಗೆಂಬುದು ಗೊತ್ತಿರಲಿಲ್ಲ.

ಎಮರ್‌ಸನ್ನರು ರಾಕ್‌ಫೆಲರ್ ಪ್ರತಿಷ್ಠಾನಕ್ಕೆ ಮೊರೆಯಿಟ್ಟರು. ಹೆಸರಿಗೆ ತಮ್ಮ ಸಹಾಯಕಿಯೆಂದು ಆಕೆಯನ್ನು ಇರಿಸಿಕೊಂಡು, ವಾಸ್ತವದಲ್ಲಿ ಆಕೆಯ ಕೆಲಸವನ್ನು ಆಕೆಯೇ ಮಾಡಿಕೊಳ್ಳಲು ಬಿಟ್ಟರು. ಎರಡು ವರ್ಷ ಹೀಗೆ ಕಳೆಯಿತು. 1936ರಲ್ಲಿ ಲೂಯಿಸ್ ಸ್ಟ್ಯಾಡ್ಲರ್ ಎಂಬ ಇನ್ನೊಬ್ಬ ಜೋಳದ ವಿಜ್ಞಾನಿ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಆಕೆಗೊಂದು ಅಧ್ಯಾಪಕಪದವಿ ಒದಗಿಸಿದರು. ಅಲ್ಲಿಯೂ ಮೇಲೇರುವ ಭರವಸೆ ಕಾಣದೆ 1941ರಲ್ಲಿ ಬಿಟ್ಟಾಗ, ಬೀಜವಿತ್ತು, ಬಿತ್ತುವ ನೆಲವಿರಲಿಲ್ಲ. ಹಳೆಯ ಗೆಳೆಯ ರೋಡ್ಸ್ ಆಗ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿದ್ದ. ತನ್ನ ಜೋಳವನ್ನು ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ಬೆಳೆಯುವುದಾಗಿ ಆತ ತಿಳಿಸಿದ. ಆ ಬೇಸಿಗೆಯಲ್ಲಿ ಆಕೆಗೂ ಅಲ್ಲಿ ನೆಲ ಸಿಕ್ಕಿತು. ವರ್ಷ ಮುಗಿಯುವ ಹೊತ್ತಿಗೆ ಅಲ್ಲಿನ ತಳಿಶಾಸ್ತ್ರ ವಿಭಾಗದ ಹೊಣೆ ಹೊತ್ತ ಡೆಮೆರೆಕ್ ಎಂಬವರು ಆಕೆಗೆ ಸ್ಥಾನ ಕೊಟ್ಟರು. ಪಾಠದ ಹೊರೆಯಿಲ್ಲ, ಗಿಡ ಬೆಳೆಯಬಹುದು, ನೋಡಬಹುದು, ಕಾಯಬಹುದು. ವಯಸ್ಸು ಆಗಲೇ ಮೂವತ್ತೊಂಬತ್ತು.

ಆ ಹೊಲದಲ್ಲಿಯೇ, ಕಾಳುಗಳ ಮೇಲಿನ ಚುಕ್ಕೆಗಳನ್ನು ಬೆನ್ನಟ್ಟಿ, ವಂಶವಾಹಿಗಳು ಇದ್ದಲ್ಲೇ ಇರದೆ ಸ್ಥಳ ಬದಲಾಯಿಸಬಲ್ಲವೆಂಬುದನ್ನು ಆಕೆ ಕಂಡದ್ದು. 1951ರಲ್ಲಿ ವಿದ್ವಾಂಸರ ಮುಂದೆ ಅದನ್ನು ವಿವರಿಸಿದಾಗ ಅದರ ಬೆಲೆ ತಿಳಿದವರು ವಿರಳ. ಲೋಕಕ್ಕೆ ಅರ್ಥವಾಗಲು ಇನ್ನೆರಡು ದಶಕಗಳು ಬೇಕಾದುವು. 1983ರಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ, ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಮತ್ತಾರೊಡನೆಯೂ ಹಂಚಿಕೆಯಾಗದೆ ಆಕೆಗೊಬ್ಬರಿಗೇ ಬಂತು. ಚಿತ್ರಪತ್ರಿಕೆಗಳೆಲ್ಲ ಆ ಮುಪ್ಪಿನ ಮುಖವನ್ನು ಅಚ್ಚುಹಾಕಿದುವು. 1934ರಲ್ಲಿ ಎಮರ್‌ಸನ್ನರು ಬರೆದ ಅರ್ಜಿಯ ಚಿತ್ರವನ್ನು ಅಚ್ಚುಹಾಕಬೇಕೆಂದು ಎಷ್ಟು ಸಂಪಾದಕರಿಗೆ ಹೊಳೆದೀತು? ಅವರು 1947ರಲ್ಲಿಯೇ ತೀರಿಕೊಂಡಿದ್ದರು. ತಾವು ಕಟ್ಟಿದ ಚಪ್ಪರದ ಮೇಲೆ ಹೂವೆಷ್ಟು ಬಿಟ್ಟಿತೆಂದು ನೋಡುವ ಭಾಗ್ಯ ಚಪ್ಪರ ಕಟ್ಟುವವರಿಗೆ ಯಾವಾಗಲೂ ಇರುವುದಿಲ್ಲ.

ಇದು ಪರದೇಶದ ಮಾತಾಯಿತು ಎನ್ನುವವರಿಗೆ ಜಾನಕಿ ಅಮ್ಮಾಳರ ಬಾಳು ಉತ್ತರ ಹೇಳುತ್ತದೆ. 1897ರಲ್ಲಿ ಕೇರಳದ ತಲಚೇರಿಯಲ್ಲಿ ಹುಟ್ಟಿದ ಅವರು ಮದರಾಸಿನ ಮಹಿಳಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಮಿಚಿಗನ್ ವಿಶ್ವವಿದ್ಯಾಲಯದ ಬಾರ್ಬರ್ ವಿದ್ಯಾರ್ಥಿವೇತನ ದೊರೆಯಿತು. ಏಷ್ಯದ ಹೆಣ್ಣುಮಕ್ಕಳು ಬಂದು ಓದಲೆಂದೇ ಲೆವಿ ಬಾರ್ಬರ್ ಎಂಬ ದಾನಿ ಕೊಟ್ಟ ಹಣ ಅದು. ಆತ ಜಾನಕಿಯವರ ಊರಿನ ಹೆಸರನ್ನಾದರೂ ಕೇಳಿದ್ದನೋ ಇಲ್ಲವೋ! 1931ರಲ್ಲಿ ಅವರಿಗೆ ಅಲ್ಲಿ ಡಾಕ್ಟರೇಟ್ ಬಂತು. ಬಾರ್ಬರ ಮತ್ತು ಕ್ರೈಟನ್ನರ ಪ್ರಬಂಧ ಅಚ್ಚಾದ ವರ್ಷವೇ. ತಾಯ್ನಾಡಿಗೆ ಬಂದು ಕೊಯಮತ್ತೂರಿನ ಕಬ್ಬಿನ ಕೇಂದ್ರದಲ್ಲಿ ಕಬ್ಬನ್ನೂ ಮುಸುಕಿನ ಜೋಳವನ್ನೂ ಕೂಡಿಸಿದ ಬೆರಕೆ ಗಿಡವನ್ನು ಅವರು ಪಡೆದರು. ಮುಂದೆ ಇಂಗ್ಲೆಂಡಿನಲ್ಲಿ ಹಲವು ವರ್ಷ ದುಡಿದರು. ಡಾರ್ಲಿಂಗ್‌ಟನ್ನರೊಡನೆ ಸೇರಿ ರಚಿಸಿದ ಕೃಷಿಸಸ್ಯಗಳ ವರ್ಣತಂತುಗಳ ಮಹಾಕೋಶ 1945ರಲ್ಲಿ ಹೊರಬಂತು. 1951ರಲ್ಲಿ ನೆಹರೂ ಅವರ ಕರೆಯ ಮೇರೆಗೆ ಭಾರತದ ಸಸ್ಯ ಸರ್ವೇಕ್ಷಣ ಸಂಸ್ಥೆಯನ್ನು ತಿದ್ದಿ ಕಟ್ಟಲು ಹಿಂದಿರುಗಿದರು. ಹಡಗಿನ ಛತ್ರಕ್ಕೂ ಊಟಕ್ಕೂ ಒದಗಿದ ಒಂದು ವಿದ್ಯಾರ್ಥಿವೇತನ ಇಷ್ಟು ದೂರ ನಡೆದುಬಂದಿತು.

ಇಂದು ಭಾರತದಲ್ಲಿ ವೇತನವೇ ಇಲ್ಲವೆಂದು ಹೇಳುವಂತಿಲ್ಲ. ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಗೆದ್ದ ಕಿರಿಯ ಸಂಶೋಧಕರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ಎಂದು 2023ರಲ್ಲಿ ಗೊತ್ತುಮಾಡಲಾಯಿತು. ಕಷ್ಟವಿರುವುದು ಮೊತ್ತದಲ್ಲಿ ಮಾತ್ರವಲ್ಲ. ಹಣ ತಿಂಗಳ ಮೊದಲಿಗೆ ಬಾರದೆ ಹಲವು ತಿಂಗಳ ಮೇಲೆ ಒಟ್ಟಿಗೆ ಬಂದರೆ, ಮನೆ ಬಾಡಿಗೆಯವನಿಗೆ ಯಾವ ವಿಜ್ಞಾನವನ್ನು ಹೇಳುವುದು? ಬರಗಾಲದಲ್ಲಿ ಒಣಗಿದ ಒಂದು ಬೆಳೆಗೆ ಒಂದು ವರ್ಷ ಹೆಚ್ಚಿಗೆ ಕೊಡುವ ಅವಕಾಶ ನಿಯಮದಲ್ಲಿ ಏಕಿರಬಾರದು? ಹೊಲದಲ್ಲಿ ಬಿಸಿಲು ತಿಂದವಳ ಹೆಸರು ಪ್ರಬಂಧದ ಮೇಲೆ ತಕ್ಕ ಜಾಗದಲ್ಲಿ ಬರಬೇಡವೇ? ಪದವಿ ಕೈಗೆ ಬಂದಮೇಲೆ ಎಲ್ಲಿಗೆ ಹೋಗಬೇಕು, ಯಾರಿಗೆ ಬರೆಯಬೇಕು, ಕಾಲೇಜೋ, ಬೀಜದ ಸಂಸ್ಥೆಯೋ, ಸರಕಾರಿ ಸಂಶೋಧನಾಲಯವೋ ಎಂದು ಜೊತೆಯಲ್ಲಿ ಕುಳಿತು ಅರ್ಧ ಗಂಟೆ ಯೋಚಿಸುವ ಗುರುವೊಬ್ಬರು ಬೇಡವೇ? ಇವಾವುದಕ್ಕೂ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಎಮರ್‌ಸನ್ನರ ಅರ್ಜಿಗೆ ಒಂದು ಹಾಳೆ ಕಾಗದ ಬೇಕಾಯಿತು, ಮಾರ್ಗನ್ನರ ಪತ್ರಕ್ಕೆ ಒಂದು ಅಂಚೆಚೀಟಿ.

ಎಲ್ಲರಿಗೂ ಈ ನೆರಳು ಕೊಟ್ಟರೆ ಎಲ್ಲರೂ ಮೆಕ್‌ಕ್ಲಿಂಟಾಕರಾಗುವರೇ ಎಂದು ಕೇಳಬಹುದು. ಆಗುವುದಿಲ್ಲ. ಹ್ಯಾರಿಯೆಟ್ ಕ್ರೈಟನ್ನರಿಗೆ ನೊಬೆಲ್ ಬರಲಿಲ್ಲ. ಅವರು ತಾವು ಓದಿದ ವೆಲ್ಲೆಸ್ಲಿ ಕಾಲೇಜಿನಲ್ಲಿಯೇ ಬಹುಕಾಲ ಸಸ್ಯಶಾಸ್ತ್ರ ಬೋಧಿಸಿ ಎಷ್ಟೋ ಹೆಣ್ಣುಮಕ್ಕಳಿಗೆ ದಾರಿ ತೋರಿದರು. ಅದು ಸೋಲೆಂದು ಯಾರು ಹೇಳಬಲ್ಲರು? ಬಿತ್ತುವಾಗ ಯಾವ ಕಾಳಿನಲ್ಲಿ ಯಾವ ತೆನೆಯಿದೆಯೆಂದು ತಿಳಿಯದು. ಆದ್ದರಿಂದಲೇ ರೈತ ಎಲ್ಲ ಸಾಲಿಗೂ ನೀರು ಹಾಯಿಸುತ್ತಾನೆ.

ಇನ್ನು, ಹಬ್ಬ ಮುಗಿದ ಆ ಮನೆಗೆ ಹಿಂದಿರುಗಬಹುದು. ನೆಂಟರು ಹೊರಟುಹೋದ ಮೇಲೆ ಹಿತ್ತಲಿನಲ್ಲಿ ಸದ್ದು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ತಂದೆ ಪಂಚೆ ಎತ್ತಿ ಕಟ್ಟಿ, ಅಜ್ಜಿ ಹೇಳಿದಂತೆ ಹೀರೆಬಳ್ಳಿಗೆ ಬಿದಿರಿನ ಗಳುಗಳನ್ನು ನೆಡುತ್ತಿದ್ದಾರೆ. ಬಳ್ಳಿಯಿನ್ನೂ ಮೊಣಕಾಲೆತ್ತರ, ನಾಲ್ಕೇ ಎಲೆ.

“ಇಷ್ಟು ಬೇಗ ಯಾಕಮ್ಮಾ? ಹೂವಾದರೂ ಬಿಡಲಿ.”

“ಹೂ ಬಿಟ್ಟಮೇಲೆ ಕಟ್ಟೋಕೆ ಹೋದ್ರೆ ಬಳ್ಳಿ ಮುರಿಯತ್ತೆ ಕಣೋ. ಈಗ್ಲೇ ಹಾಕು” ಎಂದು ಅಜ್ಜಿ ಮೆಟ್ಟಿಲ ಮೇಲೆ ಕುಳಿತು ಅಪ್ಪಣೆ ಕೊಡುತ್ತಾಳೆ.

ತಂದೆ ಮರುಮಾತಾಡದೆ ಹಗ್ಗ ಬಿಗಿಯುತ್ತಾರೆ. ಒಳಗೆ ಮಗಳ ಕೋಣೆಯ ದೀಪ ಇನ್ನೂ ಉರಿಯುತ್ತಿದೆ. ಕೈ ತೊಳೆದುಕೊಂಡು ಬಂದವರು ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ಮೇಜಿನ ಮೇಲಿನ ಎರಡು ಕಾಗದಗಳೂ ಅವರ ಕಣ್ಣಿಗೆ ಬೀಳುತ್ತವೆ. ಪರೀಕ್ಷೆ ಎಂದು ಎಂಬುದನ್ನು ಕೇಳಲೆಂದೇ ಅವರು ಬಂದದ್ದು. ಆದರೆ ಬಾಯಿಗೆ ಬಂದ ಮಾತು ಬೇರೆ.

“ಈ ಸಲ ರಾಗಿ ಯಾವಾಗ ಬಿತ್ತೋದು, ಪುಟ್ಟಿ? ಮನೆ ಖರ್ಚಿನ ಯೋಚನೆ ಒಂದು ವರ್ಷ ನನಗಿರಲಿ.”

ಹುಡುಗಿ ತಲೆಯೆತ್ತಿ ನೋಡುತ್ತಾಳೆ. ಮಾವ ಕೇಳಿದ್ದೂ ಪ್ರಶ್ನೆಯೇ, ಇದೂ ಪ್ರಶ್ನೆಯೇ. ಅದಕ್ಕೆ ಅವಳಲ್ಲಿ ಉತ್ತರವಿರಲಿಲ್ಲ, ಇದಕ್ಕೆ ಇದೆ. “ಮಳೆ ನಿಂತು ಹಿಡಿದ್ರೆ ಜುಲೈ ಮೊದಲ ವಾರ ಅಪ್ಪಾ” ಎನ್ನುತ್ತಾ ಅವಳು ಸಾಲುಗಳ ಪಟ್ಟಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ.